ಮೆತ್ತನೆಯ ಕಣ ನಡುವಿಗೇಕೆ ಸರಿಯುತ್ತದೆ?

ಕೂದಲೆಳೆಯಷ್ಟು ಸಪೂರವಾದ ಗಾಜಿನ ಕೊಳವೆಯಲ್ಲಿ ರಕ್ತ ಹರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗೋಡೆಗೆ ಅಂಟಿದಂತೆ ಕೆಂಪು ಕಣಗಳೇ ಇಲ್ಲದ ತೆಳು ಪಟ್ಟಿಯೊಂದು ಕಾಣುತ್ತದೆ. ಅಲ್ಲಿರುವುದು ಹೆಚ್ಚೂಕಡಿಮೆ ಬರೀ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ. ಕಪ್ಪೆಯ ರಕ್ತನಾಳಗಳಲ್ಲಿ ಇದನ್ನು ಫ್ರಾನ್ಸಿನ ವಿಜ್ಞಾನಿ ಪ್ವಾಸೆಯ್ 1830ರ ದಶಕದಲ್ಲೇ ಕಂಡಿದ್ದ.

ಕಾರಣ ಕೇಳಿದರೆ ನಮ್ಮ ವಿದ್ಯಾರ್ಥಿಗಳು ಥಟ್ಟನೆ ಹೇಳುವುದು, "ನಡುವೆ ವೇಗ ಜಾಸ್ತಿ, ಅದಕ್ಕೇ ಸರ್." ವೇಗವೊಂದೇ ಸಾಲದು.

ಇಷ್ಟು ಸಣ್ಣ ಅಳತೆಯ ನಿಧಾನ ಹರಿವಿನಲ್ಲಿ ಜಡತ್ವ (ಇದ್ದ ಚಲನೆಯಲ್ಲೇ ಮುಂದುವರಿಯುವ ಗುಣ) ಲೆಕ್ಕಕ್ಕಿಲ್ಲ, ಎಲ್ಲವೂ ಸ್ನಿಗ್ಧತೆಯದೇ (ದ್ರವದ ಅಂಟುತನದ್ದೇ) ಕಾರುಬಾರು. ಇಲ್ಲಿ ಹರಿವನ್ನು ಹಿಂದಕ್ಕೆ ತಿರುಗಿಸಿದರೆ ಗಟ್ಟಿ ಕಣ ಬಂದ ದಾರಿಯಲ್ಲೇ ವಾಪಸಾಗಬೇಕು. ಗಟ್ಟಿ ಗುಂಡೊಂದು ಗೋಡೆಯಿಂದ ನಡುವಿಗೆ ಸರಿಯಿತು ಎಂದುಕೊಳ್ಳಿ. ಹರಿವು ತಿರುಗಿಸಿದಾಗ ಅದು ಗೋಡೆಗೆ ಮರಳಬೇಕಲ್ಲ? ಆದರೆ ನೇರ ಕೊಳವೆಗೆ ಎಡದಿಂದ ಹರಿದರೂ ಬಲದಿಂದ ಹರಿದರೂ ಒಂದೇ. ಒಮ್ಮೆ ನಡುವಿಗೆ, ಇನ್ನೊಮ್ಮೆ ಗೋಡೆಗೆ ಹೋಗಲು ಯಾವ ಕಾರಣವೂ ಇಲ್ಲ. ಅಂದಮೇಲೆ ಅದು ಅಡ್ಡಕ್ಕೆ ಸರಿಯುವಂತೆಯೇ ಇಲ್ಲ. ಒಂದು ಸಮೀಕರಣವನ್ನೂ ಬಿಡಿಸದೆ ಸಿಗುವ ಈ ಉತ್ತರ ನನಗಂತೂ ಬಲು ಇಷ್ಟ. (ವೇಗ ಏರಿಸಿ ಜಡತ್ವವನ್ನು ಒಳಗೆ ಬಿಟ್ಟರೆ ಗಟ್ಟಿ ಗುಂಡೂ ಸರಿಯುತ್ತದೆ. ಅದು ಬೇರೆ ಕಥೆ.)

ಮೆತ್ತನೆಯ ಕಣ ಈ ಕಟ್ಟುಪಾಡಿಗೆ ಒಳಪಡುವುದಿಲ್ಲ. ಹರಿವಿನ ಎಳೆತಕ್ಕೆ ಅದು ಓರೆಯಾಗಿ ಚಾಚಿಕೊಳ್ಳುತ್ತದೆ. ಹರಿವು ತಿರುಗಿದರೆ ಓರೆಯೂ ತಿರುಗುತ್ತದೆ, ಹಳೆಯ ದಾರಿ ಉಳಿಯುವುದಿಲ್ಲ. ಎರಡೂ ಸಲ ಗೋಡೆ ಅದನ್ನು ದೂರವೇ ತಳ್ಳುತ್ತದೆ. ಮಾಂಟ್ರಿಯಲ್‌ನ ಗೋಲ್ಡ್‌ಸ್ಮಿತ್ ಮತ್ತು ಮೇಸನ್ 1960ರ ದಶಕದ ಆರಂಭದಲ್ಲಿ ಇದನ್ನು ದ್ರವದ ಹನಿಗಳಲ್ಲಿ ತೋರಿಸಿದರು: ಹನಿ ನಡುವಿಗೆ ಹೋಯಿತು, ಗಟ್ಟಿ ಗುಂಡು ಇದ್ದಲ್ಲೇ ಸಾಗಿತು.

ಎಂಟು ಮೈಕ್ರಾನ್ ಅಗಲದ ಕೆಂಪು ಕಣ ಇಂಥದ್ದೇ ಮೆತ್ತನೆಯ ಚೀಲ. ಅವೆಲ್ಲ ನಡುವೆ ಸೇರಿದಾಗ ಗೋಡೆಯ ಪಕ್ಕ ತೆಳು ಪ್ಲಾಸ್ಮಾ ಉಳಿದು ಹರಿವು ಸಲೀಸಾಗುತ್ತದೆ. ಸಣ್ಣ ಕೊಳವೆಯಲ್ಲಿ ರಕ್ತದ ಸ್ನಿಗ್ಧತೆ ಕಡಿಮೆಯಾದಂತೆ ತೋರುವುದನ್ನು ಸ್ವೀಡನ್ನಿನ ಫೋರೇಯಸ್ ಮತ್ತು ಲಿಂಡ್‌ಕ್ವಿಸ್ಟ್ 1931ರಲ್ಲಿ ಅಳೆದರು. ಕೆಂಪು ಕಣಗಳ ನೂಕುನುಗ್ಗಲಿಗೆ, ರಕ್ತಸ್ರಾವ ನಿಲ್ಲಿಸುವ ಪ್ಲೇಟ್‌ಲೆಟ್‌ಗಳು ಅಂಚಿಗೆ ಬೀಳುತ್ತವೆ, ಗಾಯವಾದರೆ ಬೇಕಾಗುವುದೂ ಅಲ್ಲೇ. ಕೆಂಪು ಕಣಗಳು ಕಡಿಮೆಯಾಗಿ ರಕ್ತಹೀನತೆ ತೀವ್ರವಾದವರಲ್ಲಿ, ಪ್ಲೇಟ್‌ಲೆಟ್ ಎಣಿಕೆ ಸರಿಯಿದ್ದರೂ, ರಕ್ತ ನಿಲ್ಲುವುದು ತಡವಾಗಲು ಇದೂ ಒಂದು ಕಾರಣ.

ನಂಬದವರಿಗೆ ಒಂದು ಪರೀಕ್ಷೆ ಇದೆ. ಕೆಂಪು ಕಣಗಳನ್ನು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ಗಟ್ಟಿ ಮಾಡಿ ಹರಿಸಿ, ಗೋಡೆ ಬದಿಯ ಪಟ್ಟಿ ಕಿರಿದಾಗುತ್ತದೆ. ಮಲೇರಿಯಾ ಪರಾವಲಂಬಿ ಒಳಗೆ ಬೆಳೆದ ಕಣವೂ ಬಿಗಿಯಾಗುತ್ತದೆ, ಮೆತ್ತನೆಯವುಗಳ ನೂಕಿಗೆ ಅದು ಅಂಚಿಗೆ ಸರಿಯುತ್ತದೆ. ಆ ಅಂಚಿನ ಹರಿವನ್ನು ಬೇರೆ ಕಾಲುವೆಗೆ ತಿರುಗಿಸಿ ಸೋಂಕಿನ ಕಣಗಳನ್ನು ಹೆಕ್ಕುವ, ಸೂಕ್ಷ್ಮ ಕಾಲುವೆಗಳ ಚಿಪ್‌ಗಳೂ ಬಂದಿವೆ. ಕೆಲಸ ಸುಲಭವಾಗಲೆಂದು ರಕ್ತವನ್ನು ತೀರಾ ನೀರು ಮಾಡಿದರೆ ಮಾತ್ರ ಚಿಪ್ ಕೈಕೊಡುತ್ತದೆ, ಅಂಚಿಗೆ ನೂಕುವಷ್ಟು ಆರೋಗ್ಯವಂತ ಕಣಗಳೇ ಅದರಲ್ಲಿ ಉಳಿದಿರುವುದಿಲ್ಲ.