ಹಕ್ಕು ಸತ್ತರೂ ಖರ್ಚಿನ ಲೆಕ್ಕ ಉಳಿಯಿತು

"ಎಷ್ಟ ಬರ್ತೈತ್ರಿ ಸಾಹೇಬ್ರ?"

ಬೆಳಗಾವಿ ಕೋರ್ಟಿನಲ್ಲಿ ಹೊಲ-ಮನೆ ಕೇಸುಗಳನ್ನೇ ಜಾಸ್ತಿ ನೋಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಈಚೆಗೆ ಇದನ್ನು ಕೇಳಿದವರು ತಾಲೂಕಿನ ಒಂದು ಹಳ್ಳಿಯ ಹಿರಿಯರು. ಚೀನಾ ಯುದ್ಧದ ಹೊತ್ತಿಗೆ ಅವರ ಅಜ್ಜನ ಹೊಲವನ್ನು ಮಿಲಿಟರಿ ಕೆಲಸಕ್ಕೆ ಅಂತ ತೆಗೆದುಕೊಂಡಿದ್ದರಂತೆ. ಕೆಲವು ವರ್ಷ ಬಾಡಿಗೆ ಬಂತು, ಆಮೇಲೆ ನಿಂತಿತು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇಂದಿಗೂ ಅಜ್ಜನ ಹೆಸರೇ ಇದೆ. ತಗಡಿನ ಡಬ್ಬಿಯಿಂದ ಒಂದೊಂದೇ ಕಾಗದ ತೆಗೆದು ನನ್ನ ಮೇಜಿನ ಮೇಲೆ ಹರವಿದರು. ಒಂದೆರಡು ಮೋಡಿ ಲಿಪಿಯಲ್ಲಿದ್ದವು, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಲಿಪಿ ಅದು. ನನಗೆ ಓದಲು ಬರಲಿಲ್ಲ, ಅವರಿಗೂ ಬರುತ್ತಿರಲಿಲ್ಲ.

ಪರಿಹಾರ ಎಷ್ಟು ಬರುತ್ತೆ ಅಂತ ಹೇಳುವ ಬದಲು ನಾನೇ ಎರಡು ಪ್ರಶ್ನೆ ಕೇಳಿದೆ. ಹೊಲ ಹೋಗಿದ್ದು ಹೇಗೆ? ಅದನ್ನು ಕೇಳೋಕೆ ಕೈಯಿಂದ ಎಷ್ಟು ಹಾಕ್ತೀರಿ? ಎರಡನೇ ಪ್ರಶ್ನೆಗೆ ಅವರ ಮುಖ ಸಪ್ಪಗಾಯಿತು.

ಯುದ್ಧದ ಕಾಲದ ನಷ್ಟ ಅಂದರೆ ಎಲ್ಲವೂ ಒಂದೇ ಅಲ್ಲ. ಗುಂಡು, ಬಾಂಬು ಬಿದ್ದು ಮನೆ ಹಾಳಾಗುವುದು ಒಂದು. ಶತ್ರುವಿಗೆ ಸಿಗಬಾರದು ಅಂತ ನಮ್ಮ ಸೈನ್ಯವೇ ಬೇಕೆಂದು ನಾಶ ಮಾಡುವುದು ಇನ್ನೊಂದು. ಬಳಸಲು ಬೇಕು ಅಂತ ಸರಕಾರ ವಶಕ್ಕೆ ತೆಗೆದುಕೊಳ್ಳುವುದು ಮತ್ತೊಂದು. ಕಳೆದುಕೊಂಡವನಿಗೆ ಮೂರೂ ಒಂದೇ ಥರ ಕಾಣುತ್ತವೆ. ಕಾನೂನಿಗೆ ಹಾಗಲ್ಲ.

ಇದಕ್ಕೆ ನಾನು ಯಾವಾಗಲೂ ಹೇಳುವ ಕತೆ ಬರ್ಮಾ ಆಯಿಲ್ ಕಂಪನಿಯದು. 1942ರ ಮಾರ್ಚ್‌ನಲ್ಲಿ ಜಪಾನಿ ಸೈನ್ಯ ರಂಗೂನಿನ ಬಾಗಿಲಿಗೆ ಬಂದಿತ್ತು. ಎಣ್ಣೆ ಅವರ ಕೈಗೆ ಸಿಗಬಾರದು ಅಂತ ಬ್ರಿಟಿಷ್ ಸೈನ್ಯವೇ ಕಂಪನಿಯ ಎಣ್ಣೆ ಘಟಕಗಳನ್ನು ನಾಶ ಮಾಡಿತು. ಯುದ್ಧ ಮುಗಿದ ಮೇಲೆ ಸರಕಾರ ಒಂದಿಷ್ಟು ದುಡ್ಡು ಕೊಟ್ಟಿತು. ಅದನ್ನು ಕೊಟ್ಟಿದ್ದು ನಿಮ್ಮ ಹಕ್ಕು ಅಂತ ಅಲ್ಲ, ನಮ್ಮ ದಯೆ ಅಂತ. ಕಂಪನಿಗೆ ಅದು ಸಾಲಲಿಲ್ಲ. ಸ್ಕಾಟ್ಲೆಂಡಿನ ಕೋರ್ಟಿನಲ್ಲಿ ದಾವೆ ಹೂಡಿತು. ಅಲ್ಲೇ ಯಾಕೆ ಅಂದರೆ, ಇಂಗ್ಲೆಂಡಿನಲ್ಲಿ ದಾವೆಯ ಮುದ್ದತು ಎಂದೋ ಮುಗಿದಿತ್ತು, ಸ್ಕಾಟ್ಲೆಂಡಿನಲ್ಲಿ 20 ವರ್ಷ ಇತ್ತು. ವಕೀಲರು ಯಾವ ದೇಶದವರಾದರೂ ವಕೀಲರೇ ಅಲ್ವಾ!

1964ರಲ್ಲಿ ಆಗ ಬ್ರಿಟನ್ನಿನ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಕಂಪನಿ ಪರ ನಿಂತರು. ಕಾದಾಟದ ಮಧ್ಯೆ ಗುಂಡು, ಬಾಂಬಿನಿಂದ ಆದ ಹಾನಿಗೆ ಪರಿಹಾರದ ಹಕ್ಕಿಲ್ಲ ಅಂದರು. ಆದರೆ ಬೇಕೆಂದೇ, ದೇಶದ ಒಳಿತಿಗಾಗಿ ಒಬ್ಬನ ಆಸ್ತಿ ನಾಶ ಮಾಡಿದರೆ, ಆ ನಷ್ಟ ಅವನೊಬ್ಬನ ತಲೆಯ ಮೇಲೆ ಬೀಳಬಾರದು, ದೇಶವೇ ಹೊರಬೇಕು ಅಂದರು. ತೀರ್ಪು ಓದಿದರೆ ಖುಷಿಯಾಗುತ್ತದೆ.

ಖುಷಿ ಬಹಳ ದಿನ ಉಳಿಯಲಿಲ್ಲ. ನೀವು ಗೆದ್ದರೆ ಕಾನೂನೇ ಬದಲಿಸುತ್ತೇವೆ ಅಂತ ಸರಕಾರ ಕಂಪನಿಗೆ ಮೊದಲೇ ಎಚ್ಚರಿಕೆ ಕೊಟ್ಟಿತ್ತು. ಹೇಳಿದ ಹಾಗೇ ಆಯಿತು. 1965ರಲ್ಲಿ ವಾರ್ ಡ್ಯಾಮೇಜ್ ಆಕ್ಟ್ ಬಂತು. ಅದು ಹಿಂದಿನಿಂದಲೇ ಲಾಗೂ ಆಗುವ ಕಾನೂನು. ಇಂಥ ಹಾನಿಗೆ ಪರಿಹಾರದ ಹಕ್ಕೇ ಇಲ್ಲ, ಈಗಾಗಲೇ ಹಾಕಿದ ದಾವೆಯನ್ನೂ ಕೋರ್ಟು ವಜಾ ಮಾಡಬೇಕು ಅಂತ ಬರೆದರು. ಜೊತೆಗೆ ಒಂದು ಸಣ್ಣ ಮಾತು ಸೇರಿಸಿದರು. ವಜಾ ಮಾಡುವಾಗ ಕೋರ್ಟು ಖರ್ಚಿನ ಪ್ರಶ್ನೆಯೊಂದನ್ನು ಮಾತ್ರ ತೀರ್ಮಾನಿಸಬಹುದು!

ಕಾನೂನು ಓದುವ ಹುಡುಗರು ಈ ಕೊನೆಯ ಮಾತನ್ನು ಹಾರಿಸಿಬಿಡುತ್ತಾರೆ. ನನಗೆ ಅದೇ ಮುಖ್ಯ. ಆಸ್ತಿಯ ಹಕ್ಕನ್ನು ಒಂದು ಸಾಲಿನಲ್ಲಿ ಮುಗಿಸಿದ ಸಂಸತ್ತಿಗೂ, ವಕೀಲರ ಫೀಸು ಕೊಟ್ಟು ಗೆದ್ದವನ ಕೇಸನ್ನು ಮಧ್ಯದಲ್ಲಿ ಕಿತ್ತುಕೊಂಡರೆ ಖರ್ಚಿನ ಲೆಕ್ಕವಾದರೂ ಆಗಬೇಕು ಅನ್ನಿಸಿತು. ಪರಿಹಾರದ ಕೇಸಿನಲ್ಲಿ ಖರ್ಚು ಅನ್ನೋದು ಬೇರೆಯೇ ಒಂದು ಹಕ್ಕು. ಅದನ್ನು ಬೇರೆಯಾಗಿಯೇ ಕೇಳಬೇಕು, ಬೇರೆಯಾಗಿಯೇ ಲೆಕ್ಕ ಇಡಬೇಕು.

ಇಂಥದ್ದು ನಮ್ಮಲ್ಲೂ ಆಗಿದೆ. ಉತ್ತರ ಪ್ರದೇಶದ ಮಹಮೂದಾಬಾದ್ ರಾಜರ ಕೇಸು ನೆನಪಿರಬಹುದು. ತಂದೆ ಪಾಕಿಸ್ತಾನಕ್ಕೆ ಹೋದರು, ಮಗ ಭಾರತದ ಪ್ರಜೆಯಾಗಿ ಇಲ್ಲೇ ಉಳಿದರು. ಆಸ್ತಿ ಶತ್ರು ಆಸ್ತಿ ಅಂತ ಸರಕಾರದ ಕೈಗೆ ಹೋಯಿತು. 2005ರಲ್ಲಿ ಸುಪ್ರೀಂ ಕೋರ್ಟ್ ಮಗನಿಗೆ ವಾಪಸ್ ಕೊಡಿ ಅಂದಿತು. 2017ರಲ್ಲಿ 1968ರ ಶತ್ರು ಆಸ್ತಿ ಕಾಯ್ದೆಗೆ ತಿದ್ದುಪಡಿ ಬಂತು. ವಾರಸುದಾರ ಭಾರತೀಯನೇ ಆದರೂ ಹಕ್ಕಿಲ್ಲ, ಅದೂ ಹಿಂದಿನಿಂದಲೇ ಅಂತಾಯಿತು. ಕೋರ್ಟಿನಲ್ಲಿ ಗೆಲ್ಲೋದು, ಕಾಯ್ದೆಯಲ್ಲಿ ಸೋಲೋದು. ಆಸ್ತಿ 1978ರ 44ನೇ ತಿದ್ದುಪಡಿಯ ತನಕ ಮೂಲಭೂತ ಹಕ್ಕಾಗಿತ್ತು. ಈಗ 300ಎ ವಿಧಿಯ ಪ್ರಕಾರ ಸಂವಿಧಾನದ ಹಕ್ಕು ಮಾತ್ರ. ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಅನ್ನುತ್ತದೆ ಅದು. 'ಕಾನೂನಿನ ಅಧಿಕಾರ' ಇದ್ದರೆ? ಅಲ್ಲೇ ಇರೋದು ತಕರಾರು.

ನಮ್ಮ ಹಿರಿಯರ ಹೊಲದ ಕತೆ ಮಾತ್ರ ಇವೆರಡಕ್ಕಿಂತ ಭರವಸೆಯದು. ಅವರದು ವಶಕ್ಕೆ ತೆಗೆದುಕೊಂಡ ಹೊಲ, ಅಂದರೆ ಬಳಕೆ ಸರಕಾರದ್ದು, ಒಡೆತನ ಅವರದೇ. ಹೀಗೆ ವಶಕ್ಕೆ ಪಡೆಯುವುದಕ್ಕೆ 1952ರ ಕಾಯ್ದೆ ಇತ್ತು. ಅದರ ಪ್ರಕಾರ ಬಾಡಿಗೆ ಕೊಡಬೇಕು. ಬಿಟ್ಟುಕೊಡುವಾಗ ಹಾಳಾಗಿದ್ದರೆ ಅದಕ್ಕೂ ಕೊಡಬೇಕು. ಒಪ್ಪಂದ ಆಗದಿದ್ದರೆ ಹೈಕೋರ್ಟ್ ನ್ಯಾಯಮೂರ್ತಿಯಾಗುವ ಅರ್ಹತೆಯುಳ್ಳ ಮಧ್ಯಸ್ಥರೊಬ್ಬರು ಮೊತ್ತ ಗೊತ್ತು ಮಾಡಬೇಕು. ವಶದಲ್ಲಿ ಇಟ್ಟುಕೊಳ್ಳುವ ಅಧಿಕಾರ 1987ರಲ್ಲಿ ಮುಗಿಯಿತು. ಅಷ್ಟರೊಳಗೆ ಖಾಯಂ ಸ್ವಾಧೀನ ಮಾಡಿಕೊಂಡು ಒಡೆತನವನ್ನೇ ಪಡೆದಿರಬೇಕು, ಇಲ್ಲ ಬಿಟ್ಟುಕೊಡಬೇಕು. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ 1963ರಲ್ಲಿ ರಕ್ಷಣಾ ಕೆಲಸಕ್ಕೆ ವಶಪಡಿಸಿಕೊಂಡ ಜಮೀನಿನ ಒಂದು ಭಾಗ ಹಾಗೇ ಉಳಿದುಬಿಟ್ಟಿತ್ತು. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಮೂವತ್ತಮೂರು ವರ್ಷ ಯಾವ ಅಧಿಕಾರವೂ ಇಲ್ಲದೆ ಕೂತಿದ್ದೀರಿ, ಮೂರು ತಿಂಗಳೊಳಗೆ ವಾಪಸ್ ಕೊಡಿ ಅಂತ ಕೇಂದ್ರ ಸರಕಾರಕ್ಕೆ ಹೇಳಿತು. ಹಿರಿಯರಿಗೆ ಇದನ್ನು ಹೇಳಿದಾಗ ಸಪ್ಪಗಿದ್ದ ಮುಖ ಮತ್ತೆ ಅರಳಿತು.

ಇನ್ನೊಂದು ಸಾಧ್ಯತೆಯನ್ನೂ ಹೇಳಬೇಕಾಯಿತು. ಅಷ್ಟರೊಳಗೆ ಸ್ವಾಧೀನ ಆಗಿಬಿಟ್ಟಿದ್ದರೆ? ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟ ಬಾಗಲಕೋಟೆಯ ಬೀಗರ ಮಾತು ಕೇಳಿ ಬಂದವರಿಗೆ ಸೊಲೇಷಿಯಂ ಅನ್ನೋ ಶಬ್ದ ಬಾಯಿಪಾಠ. ಒತ್ತಾಯದಿಂದ ಜಮೀನು ತಗೊಂಡಿದ್ದಕ್ಕೆ ಬೆಲೆಯ ಮೇಲೆ ಕೊಡುವ ಹೆಚ್ಚುವರಿ ದುಡ್ಡು ಅದು. 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಬೆಲೆಯ ಮೇಲೆ ಶೇಕಡಾ 30 ಸೊಲೇಷಿಯಂ ಇತ್ತು, ಬಡ್ಡಿ ಇತ್ತು. 1952ರ ಕಾಯ್ದೆಯಡಿ ಆದ ಸ್ವಾಧೀನಕ್ಕೆ ಅವೆರಡೂ ಇಲ್ಲ ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಪಕ್ಕದ ಹೊಲದವನಿಗೆ ಬಂತು, ನನಗ್ಯಾಕಿಲ್ಲ ಅಂದರೆ ಸಮಾಧಾನದ ಉತ್ತರ ನನ್ನ ಹತ್ತಿರ ಇಲ್ಲ. ನನ್ನ ಪ್ರಕಾರ ಅದು ಅನ್ಯಾಯವೇ. ಹೊಲಕ್ಕೆ ತನ್ನನ್ನು ಯಾವ ಕಾಯ್ದೆಯಲ್ಲಿ ತಗೊಂಡರು ಅಂತ ಗೊತ್ತಿರುತ್ತಾ?

ಈಗ ಖರ್ಚಿಗೆ ಬರೋಣ. ನಮ್ಮಲ್ಲಿ ಕೋರ್ಟ್ ಫೀ ಲೆಕ್ಕ 1958ರ ಕರ್ನಾಟಕ ಕಾಯ್ದೆಯದು. ಅದರಲ್ಲಿ ಒಂದು ವಿಚಿತ್ರ ಇದೆ. ಹೊಲ ವಾಪಸ್ ಕೊಡಿಸಿ ಅಂತ ದಾವೆ ಹಾಕಿದರೆ, ಕಂದಾಯ ಕಟ್ಟುವ ಕೃಷಿ ಜಮೀನಿನ ಬೆಲೆಯನ್ನು ಕಂದಾಯದ 25 ಪಟ್ಟು ಅಂತ ಹಿಡಿಯುತ್ತಾರೆ. ವರ್ಷಕ್ಕೆ 40 ರೂಪಾಯಿ ಕಂದಾಯ ಇದ್ದರೆ ಕೋರ್ಟ್ ಫೀಗೆ ಆ ಹೊಲದ ಬೆಲೆ 1,000 ರೂಪಾಯಿ! ಅದೇ ಹೊಲದ ಹಳೇ ಬಾಡಿಗೆ 10 ಲಕ್ಷ ಕೊಡಿಸಿ ಅಂದರೆ ಇಡೀ 10 ಲಕ್ಷದ ಮೇಲೆ ಫೀ. ಸ್ವಾಧೀನದ ಪರಿಹಾರ ಕಡಿಮೆಯಾಯಿತು ಅಂತ ಮೇಲ್ಮನವಿ ಹೋದರೆ, ಕೊಟ್ಟಿದ್ದಕ್ಕೂ ನೀವು ಕೇಳಿದ್ದಕ್ಕೂ ಇರುವ ಅಂತರದ ಮೇಲೆ ಫೀ. 4 ಲಕ್ಷ ಬಂದಿದೆ, 20 ಬೇಕು ಅಂದರೆ 16ರ ಮೇಲೆ. ಅದಕ್ಕೇ ಸುಮ್ನೆ ದೊಡ್ಡ ಅಂಕಿ ಬರೆಸಬೇಡಿ ಅಂತ ನಾನು ಜಗಳ ಆಡುತ್ತೇನೆ. ಮಣ್ಣು ಕೇಳೋದು ಅಗ್ಗ, ದುಡ್ಡು ಕೇಳೋದು ತುಟ್ಟಿ.

ಸರಕಾರದ ವಿರುದ್ಧ ನೇರವಾಗಿ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಗೆ ನಿಗದಿತ ಸಣ್ಣ ಶುಲ್ಕ ಸಾಕು. ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ ಹೋಗಬೇಕು, ವಿಜಯಪುರದವರು ಕಲಬುರಗಿಗೆ. ಆದರೆ ಮಾಲೀಕತ್ವದ ಬಗ್ಗೆಯೇ ತಕರಾರು ಎದ್ದರೆ ಹೈಕೋರ್ಟು ಸಾಮಾನ್ಯವಾಗಿ ಸಿವಿಲ್ ಕೋರ್ಟಿಗೆ ಹೋಗಿ ಅನ್ನುತ್ತದೆ. ಆಗ ಬಸ್ಸಿನ ಖರ್ಚೂ ಹೋಯಿತು, ಎರಡು ವರ್ಷವೂ ಹೋಯಿತು.

ಕಟ್ಟೋಕೆ ದುಡ್ಡೇ ಇಲ್ಲದವರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 33 ಇದೆ. ಬಡತನ ತೋರಿಸಿದರೆ ಫೀ ಇಲ್ಲದೆ ದಾವೆ ನಡೆಯುತ್ತದೆ. ಮಾಫಿ ಅಂತ ತಿಳಿಯಬೇಡಿ. ಗೆದ್ದರೆ ಬಂದ ಆಸ್ತಿಯ ಮೇಲೆ ಆ ಫೀಯೇ ಸರಕಾರದ ಮೊದಲ ಸಾಲ. ಸೋತರೂ ಕಟ್ಟು ಅಂತ ಆದೇಶ ಬರುತ್ತದೆ. ಹೆಣ್ಣುಮಕ್ಕಳಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ನೆರವು ಸಿಗುತ್ತದೆ. ಕೇಸು ಲೋಕ ಅದಾಲತ್‌ನಲ್ಲಿ ಮುಗಿದರೆ ಕಟ್ಟಿದ ಕೋರ್ಟ್ ಫೀ ವಾಪಸ್.

'ಖರ್ಚು ಸಹಿತ ಡಿಕ್ರಿ' ಅಂದರೆ ಎಲ್ಲ ಖರ್ಚೂ ಬಂತು ಅಂತ ನಮ್ಮ ಕಡೆ ಪೇಢೆ ಹಂಚುತ್ತಾರೆ. ಕೋರ್ಟ್ ಫೀ, ಸಮನ್ಸ್ ಖರ್ಚು, ನಿಯಮದಲ್ಲಿ ಬರೆದಷ್ಟು ವಕೀಲರ ಫೀಸು, ಅಷ್ಟೇ ಬರೋದು. ನನಗೆ ನಿಜವಾಗಿ ಕೊಟ್ಟಿದ್ದು ಅದರಲ್ಲಿ ಕಾಣಿಸೋದಿಲ್ಲ. ಎದುರಿನವನು ಗೊತ್ತಿದ್ದೂ ಸುಳ್ಳು ತಕರಾರು ತೆಗೆದ ಅಂತ ಸಾಬೀತಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 35ಎ ಪ್ರಕಾರ ಹೆಚ್ಚೆಂದರೆ 3,000 ರೂಪಾಯಿ. ಈಗ ಅದು ಒಂದು ಒಳ್ಳೆ ಊಟದ ಬಿಲ್ಲು.

ಯುದ್ಧದ ಪರಿಹಾರ ಇಷ್ಟು ತುಟ್ಟಿ ಇರಲೇಬೇಕು ಅಂತೇನಿಲ್ಲ. 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ 1.7 ಲಕ್ಷಕ್ಕೂ ಜಾಸ್ತಿ ಭಾರತೀಯರು ಇದ್ದದ್ದನ್ನು ಬಿಟ್ಟು ಬಂದರು. ವಿಶ್ವಸಂಸ್ಥೆ 1991ರಲ್ಲಿ ಪರಿಹಾರ ಆಯೋಗ ಮಾಡಿತು. ಕೋರ್ಟ್ ಫೀ ಇಲ್ಲ, ವಿಚಾರಣೆಗೆ ಅಲೆಯೋದಿಲ್ಲ. ಫಾರ್ಮು ತುಂಬಿ ನಮ್ಮ ಸರಕಾರದ ಮೂಲಕ ಕಳಿಸಿದರೆ ಆಯಿತು. ಅಲ್ಲಿಂದ ಬಿಟ್ಟು ಬಂದಿದ್ದಕ್ಕೇ ಒಬ್ಬರಿಗೆ 2,500 ಡಾಲರ್ ಅಂತ ನಿಗದಿ ಇತ್ತು. ಸಣ್ಣ ಕ್ಲೇಮುಗಳಲ್ಲಿ ಸರಕಾರ ಖರ್ಚಿಗೆ ಅಂತ ಮುರಿದುಕೊಳ್ಳಬಹುದಾಗಿದ್ದು ಶೇಕಡಾ 1.5 ಮಾತ್ರ. ದುಡ್ಡು ಬಂದಿದ್ದು ಇರಾಕಿನ ಎಣ್ಣೆ ಮಾರಾಟದಿಂದ. ಒಟ್ಟು 5,240 ಕೋಟಿ ಡಾಲರ್ ಹಂಚಿ 2022ರಲ್ಲಿ ಲೆಕ್ಕ ಮುಗಿಸಿದರು. ಸೋತ ದೇಶದ ಜೇಬಿನಿಂದ ಕೊಡುವಾಗ ಎಲ್ಲರೂ ಧಾರಾಳಿಗಳೇ, ಅದೂ ನಿಜ.

ಹಿರಿಯರ ಕೇಸಿಗೆ ಬಂದರೆ, ದಾವೆ ಇನ್ನೂ ಹಾಕಿಲ್ಲ. ಮೊದಲು ಆ ಹೊಲ ಬರೀ ವಶದಲ್ಲಿದೆಯೋ, 1987ರೊಳಗೆ ಸ್ವಾಧೀನ ಆಗಿದೆಯೋ ಗೊತ್ತಾಗಬೇಕು. ಅದಕ್ಕೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಫೀ ಕಟ್ಟಿ ಅರ್ಜಿ ಹಾಕಿದ್ದೇವೆ. ಅಜ್ಜನ ವಾರಸುದಾರರ ಪಟ್ಟಿ ಬರೆಯಲು ಕೂತರೆ ಇಪ್ಪತ್ತಮೂರು ಜನ ಆದರು. ಮೂವರು ಅತ್ತೆಯಂದಿರ ಹೆಸರನ್ನು ಅವರು ಹೇಳಿರಲೇ ಇಲ್ಲ. "ಅವ್ರಿಗೆಲ್ಲಾ ಎದಕ್ರಿ ಸಾಹೇಬ್ರ?" ಅಂದರು. ಹೆಣ್ಣುಮಕ್ಕಳನ್ನು ಬಿಟ್ಟರೆ ದಾವೆ ಅಲ್ಲೇ ಬೀಳುತ್ತದೆ ಅಂದೆ. ಬರೆಸಿದರು. ಮೋಡಿ ಓದುವವರೊಬ್ಬರು ಶಹಾಪುರದಲ್ಲಿ ಇದ್ದಾರಂತೆ. ಈ ಶನಿವಾರ ಡಬ್ಬಿ ಹಿಡಿದುಕೊಂಡು ಅವರ ಮನೆಗೆ ಹೋಗುವವರಿದ್ದೇವೆ.