ಪ್ರತಿಕೂಲ ಸ್ವಾಧೀನ: 12 ವರ್ಷ ಉತ್ತರೆ ಜಮೀನು ನಮ್ಮದಾಗುತ್ತಾ?

"12 ವರ್ಷ ಅವನೇ ಉಂಡಿದ್ದಾನೆ, ಇನ್ನು ಜಮೀನು ಅವನದ್ದೇ ಬಿಡು." ಊರ ಕಟ್ಟೆ ಮೇಲೆ ಈ ಮಾತು ಕೇಳಿರುತ್ತೀರಿ. ಇದು ಅರ್ಧ ನಿಜ. ಇನ್ನರ್ಧ ಗೊತ್ತಿಲ್ಲದೆ ಕೋರ್ಟಿಗೆ ಹೋಗಿ ಸೋತು ಬರುವವರೇ ಜಾಸ್ತಿ.

ಕಾನೂನಿನಲ್ಲಿ ಇದರ ಹೆಸರು ಪ್ರತಿಕೂಲ ಸ್ವಾಧೀನ. ವಕೀಲರ ಬಾಯಲ್ಲಿ ಅಡ್ವರ್ಸ್ ಪೊಸೆಷನ್. ಸ್ವಾಧೀನ ಅಂದರೆ ಜಾಗ ನಮ್ಮ ಕೈಯಲ್ಲಿರುವುದು, ಇದು ಎಲ್ಲರಿಗೂ ಗೊತ್ತು. ಜನ ಮರೆಯುವುದು ಮೊದಲ ಪದವನ್ನು. ಪ್ರತಿಕೂಲ ಅಂದರೆ ಮಾಲೀಕನ ಹಕ್ಕಿಗೆ ಎದುರು ನಿಂತು, ಎಲ್ಲರ ಕಣ್ಣೆದುರೇ, "ಇದು ನನ್ನದು" ಅಂತ ಇಟ್ಟುಕೊಂಡಿರುವುದು.

ಒಂದು ಉದಾಹರಣೆ ನೋಡಿ. ಮಾಲೀಕರು ಕೆಲಸಕ್ಕೆ ಅಂತ ಮುಂಬೈಗೆ ಹೊರಟರು. ಹೋಗುವಾಗ "ನೀನೇ ನೋಡ್ಕೊಳ್ಳಪ್ಪ" ಅಂತ ಎರಡು ಎಕರೆಯನ್ನು ಪರಿಚಯದವನಿಗೆ ಒಪ್ಪಿಸಿದರು. ಅವನು 30 ವರ್ಷ ರಾಗಿ ಬೆಳೆದ, ಬೋರ್‌ವೆಲ್ ಕೊರೆಸಿದ, ಕಂದಾಯ ಕಟ್ಟಿದ, ಪಹಣಿಯ (ಜಮೀನಿನ ಸರ್ಕಾರಿ ದಾಖಲೆ) 12ನೇ ಕಾಲಂನಲ್ಲಿ ಸಾಗುವಳಿದಾರ ಅಂತ ಅವನ ಹೆಸರೇ ಕೂತಿದೆ. ಹಕ್ಕು ಬಂತಾ? ಇಲ್ಲ. ಅವನು ಒಳಗೆ ಬಂದಿದ್ದೇ ಒಪ್ಪಿಗೆಯಿಂದ, ಅಲ್ವಾ? ಆ ಒಪ್ಪಿಗೆ ಇರುವವರೆಗೆ 50 ವರ್ಷವಾದರೂ ಲೆಕ್ಕ ಶುರುವಾಗುವುದೇ ಇಲ್ಲ. ಬಾಡಿಗೆಗೆ ಇರುವವರಿಗೂ ಇದೇ ಮಾತು. ಅಣ್ಣ ಬೆಂಗಳೂರಲ್ಲಿದ್ದು ತಮ್ಮ ಊರಲ್ಲಿ ಪಿತ್ರಾರ್ಜಿತ ಹೊಲ ಉಳುತ್ತಿದ್ದರೂ ಅಷ್ಟೇ. "ನಿನಗೆ ಇದರಲ್ಲಿ ಪಾಲಿಲ್ಲ" ಅಂತ ಅಣ್ಣನಿಗೆ ಗೊತ್ತಾಗುವ ಹಾಗೆ ಹೊರಗಿಟ್ಟರೆ ಮಾತ್ರ ಕಥೆ ಬೇರೆ.

ಈಗ ಪಕ್ಕದ ಹೊಲದವನನ್ನು ನೋಡಿ. ಬದು ಕಿತ್ತು ಹತ್ತು ಗುಂಟೆ ಒಳಗೆ ಹಾಕಿಕೊಂಡ. ಕಲ್ಲುಕಂಬ ನೆಟ್ಟು ತಂತಿ ಎಳೆದ. ಕೇಳಲು ಹೋದವರಿಗೆ "ಇದು ನಂದು, ಏನ್ ಮಾಡ್ತೀಯ ಮಾಡ್ಕೋ" ಅಂದ. ಲೆಕ್ಕ ಶುರುವಾಗುವುದು ಆ ದಿನದಿಂದ. 1963ರ ಕಾಲಮಿತಿ ಕಾಯ್ದೆಯ 65ನೇ ವಿಧಿ ಪ್ರಕಾರ ಮಾಲೀಕ 12 ವರ್ಷದೊಳಗೆ ದಾವೆ ಹಾಕಬೇಕು. ಹಾಕದಿದ್ದರೆ 27ನೇ ಕಲಂ ಪ್ರಕಾರ ಅವನ ಹಕ್ಕೇ ಸತ್ತುಹೋಗುತ್ತದೆ. ಸುಮ್ನೆ ನೋಟಿಸ್ ಕಳಿಸಿ ಕೂತರೆ ಸಾಲದು.

ನನಗೆ ಇದು ಅನ್ಯಾಯ ಅಂತಲೇ ಅನಿಸುತ್ತದೆ. ಒಪ್ಪಿಗೆ ಪಡೆದು ನಿಯತ್ತಾಗಿ ಉತ್ತವನಿಗೆ ಏನೂ ಇಲ್ಲ, ಬದು ಕಿತ್ತವನಿಗೆ ಜಮೀನು! ಸುಪ್ರೀಂ ಕೋರ್ಟೇ 2008ರಲ್ಲಿ ಈ ಕಾನೂನನ್ನು ಮತ್ತೆ ಯೋಚಿಸಿ ಅಂತ ಸರ್ಕಾರಕ್ಕೆ ಹೇಳಿತ್ತು. ಆದರೆ 2023ರಲ್ಲಿ ಕಾನೂನು ಆಯೋಗ ಬದಲಾವಣೆ ಬೇಡ ಅಂದಿತು. ಹಾಗಾಗಿ ಕಾನೂನು ಇದ್ದ ಹಾಗೇ ಇದೆ.

ಇದನ್ನು ಸಾಬೀತು ಮಾಡುವುದು ಮಾತ್ರ ಸುಲಭವಲ್ಲ. ವಿಜಯಪುರದ ಸ್ಮಾರಕಗಳ ಕುರಿತ 2004ರ ಕರ್ನಾಟಕ ವಕ್ಫ್ ಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಯಾವ ದಿನದಿಂದ ಸ್ವಾಧೀನ, ಅದು ಹೇಗಿತ್ತು, ಎದುರಿನವರಿಗೆ ಗೊತ್ತಿತ್ತಾ, ಎಷ್ಟು ಕಾಲ ನಡೆಯಿತು, ಎಲ್ಲವನ್ನೂ ಹೇಳಿಕೊಂಡವನೇ ತೋರಿಸಬೇಕು. "ಇದು ನಮ್ಮಪ್ಪ ಕೊಂಡಿದ್ದು, ಅಲ್ಲದಿದ್ದರೆ ಪ್ರತಿಕೂಲ ಸ್ವಾಧೀನ" ಅಂತ ಎರಡು ದೋಣಿಯಲ್ಲಿ ಕಾಲಿಟ್ಟರೂ ನಡೆಯುವುದಿಲ್ಲ. ಮೊದಲ ಮಾತಿನಲ್ಲಿ ಮಾಲೀಕ ನೀವೇ, ಎರಡನೆಯದರಲ್ಲಿ ಮಾಲೀಕ ಬೇರೆಯವನು ಅಂತ ಒಪ್ಪಿಕೊಂಡ ಹಾಗಾಯಿತು. ಮೊದಲು ಇದನ್ನು ಯಾರಾದರೂ ದಾವೆ ಹಾಕಿದಾಗ ಗುರಾಣಿಯಾಗಿ ಮಾತ್ರ ಹಿಡಿಯಬಹುದು ಅಂತಿತ್ತು. ಸುಪ್ರೀಂ ಕೋರ್ಟಿನ 2019ರ ತೀರ್ಪಿನ ನಂತರ, ಹಕ್ಕು ಪೂರ್ತಿಯಾಗಿದ್ದರೆ ತಾನೇ ಮುಂದಾಗಿ ದಾವೆ ಹಾಕಬಹುದು.

ಸರ್ಕಾರಿ ಜಾಗವಾದರೆ 12 ಅಲ್ಲ, 30 ವರ್ಷ. ಹಾಗಂತ ಬಗರ್‌ಹುಕುಂ ಸಾಗುವಳಿಯನ್ನು, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನು ಉಳುವುದನ್ನು, ಇದರ ಜೊತೆ ಬೆರೆಸಬೇಡಿ. ಫಾರಂ 50, 53, 57ರಲ್ಲಿ ಅರ್ಜಿ ಹಾಕಿದವರು ಕೇಳಿದ್ದು "ಜಾಗ ಸರ್ಕಾರದ್ದೇ, ನನಗೆ ಮಂಜೂರು ಮಾಡಿ" ಅಂತ. ಪ್ರತಿಕೂಲ ಸ್ವಾಧೀನ ಇದಕ್ಕೆ ಪೂರಾ ಉಲ್ಟಾ: ಅಲ್ಲಿ ಮಾಲೀಕನ ಹಕ್ಕಿಗೆ ಎದುರು ನಿಂತು "ಇದು ನನ್ನದು" ಅಂತ ಇಟ್ಟುಕೊಂಡಿರಬೇಕು.

ನಿಮ್ಮ ಜಮೀನನ್ನು ಯಾರಿಗಾದರೂ ನೋಡಿಕೊಳ್ಳಲು ಬಿಟ್ಟಿದ್ದರೆ, ಒಪ್ಪಿಗೆ ಮೇಲೆ ಬಿಟ್ಟಿದ್ದು ಅಂತ ಒಂದು ಕಾಗದ ಬರೆಸಿ, ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಿ. ಊರಿಗೆ ಹೋದಾಗ ಬದುವಿನ ಮೇಲೆ ಒಂದು ಸುತ್ತು ನಡೆದು, ಕಲ್ಲು ಇದ್ದಲ್ಲೇ ಇದೆಯಾ ನೋಡಿ ಬನ್ನಿ.