ಜಿಟಿಕೆ ಹಗುರ, ಕ್ಯೂಟಿ ಭಾರ: ತೂಗಿದವರು ಯಾರು?

ಲಿನಕ್ಸ್ ಬಳಸುವ ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ: ಜಿಟಿಕೆ ಹಗುರ, ಕ್ಯೂಟಿ ಭಾರ. ಎರಡೂ ಟೂಲ್‌ಕಿಟ್‌ಗಳು, ಅಂದರೆ ಬಟನ್, ಮೆನು ಬಿಡಿಸಲು ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್‌ನ ಲೈಬ್ರರಿಗಳು. ಇದನ್ನೇ ತಿರುಗುಮುರುಗು ಹೇಳುವವರೂ ಇದ್ದಾರೆ. ಪುರಾವೆ ಕೇಳಿದರೆ ಇಬ್ಬರೂ ಸಿಸ್ಟಂ ಮಾನಿಟರ್ ತೆರೆದು ಮೆಮೊರಿ ಕಾಲಂ ತೋರಿಸುತ್ತಾರೆ. ಒಂದು ತಂತ್ರಾಂಶವನ್ನು ಯಾವ ಟೂಲ್‌ಕಿಟ್ ಜೊತೆ ಪ್ಯಾಕೇಜ್ ಮಾಡಬೇಕು (ಇನ್‌ಸ್ಟಾಲ್ ಮಾಡಲು ಸಿದ್ಧವಾಗಿ ಕಟ್ಟಿಕೊಡಬೇಕು) ಎಂಬುದೂ ಎಷ್ಟೋ ಸಲ ಆ ಕಾಲಂ ನೋಡಿಯೇ ತೀರ್ಮಾನವಾಗುತ್ತದೆ. ಅದು ಏನನ್ನು ಎಣಿಸುತ್ತಿದೆ ಎಂದು ಕೇಳುವವರು ಮಾತ್ರ ಕಡಿಮೆ.

ಜಿಟಿಕೆ 3 ಬಳಸುವ ಪ್ರೋಗ್ರಾಂನ ಫೈಲಿನೊಳಗೆ ಸಾಮಾನ್ಯವಾಗಿ ಬಟನ್, ಮೆನು ಬಿಡಿಸುವ ಕೋಡ್ ಇರುವುದಿಲ್ಲ. 'ಲಿಬ್‌ಜಿಟಿಕೆ-3.ಎಸ್‌ಒ.0 ಬೇಕು' ಎಂಬ ನಮೂದು ಇರುತ್ತದೆ, ಅಷ್ಟೇ. ಪ್ರೋಗ್ರಾಂ ಶುರುವಾದಾಗ ಡೈನಾಮಿಕ್ ಲೋಡರ್ ಆ ಲೈಬ್ರರಿಯನ್ನು ಹುಡುಕಿ ಜೋಡಿಸುತ್ತದೆ. ಮೆಮೊರಿ ನೋಡಿಕೊಳ್ಳುವ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಆ ಫೈಲನ್ನು ಇಡಿಯಾಗಿ ನುಂಗುವುದಿಲ್ಲ. ಪುಟಪುಟವಾಗಿ, ಸಾಮಾನ್ಯವಾಗಿ 4 ಕೆಬಿ ಅಳತೆಯ ಪುಟಗಳಲ್ಲಿ, ಬೇಕಾದದ್ದನ್ನು ಮೆಮೊರಿಗೆ ತರುತ್ತದೆ. ಇನ್ನೊಂದು ಪ್ರೋಗ್ರಾಂ ಅದೇ ಲೈಬ್ರರಿ ಕೇಳಿದಾಗ ಕೋಡ್‌ಗೆ ಹೊಸ ಪ್ರತಿ ಹುಟ್ಟುವುದಿಲ್ಲ, ಇದ್ದ ಪುಟಗಳನ್ನೇ ಅದಕ್ಕೂ ತೋರಿಸಲಾಗುತ್ತದೆ. ಬರೆಯಬೇಕಾದ ಪುಟಗಳಿಗೆ ಮಾತ್ರ, ಅದೂ ಬರೆಯುವ ಗಳಿಗೆಯಲ್ಲಿ, ಬೇರೆ ಪ್ರತಿ.

ಎಷ್ಟೋ ಸಿಸ್ಟಂ ಮಾನಿಟರ್‌ಗಳಲ್ಲಿ ಕಾಣುವ ಆರ್‌ಎಸ್‌ಎಸ್ ಅಂಕಿ (ಒಂದು ಪ್ರೋಗ್ರಾಂಗೆ ಸೇರಿದ, ಸದ್ಯ ಮೆಮೊರಿಯಲ್ಲಿರುವ ಪುಟಗಳ ಮೊತ್ತ) ಈ ಹಂಚಿಕೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಲ್‌ನಲ್ಲಿ ಕೂತ ಹತ್ತು ಜನರನ್ನು 'ನಿಮಗೆ ಗಡಿಯಾರ ಕಾಣುತ್ತಿದೆಯೇ' ಎಂದು ಕೇಳಿ, ಗೋಡೆಯ ಮೇಲೆ ಹತ್ತು ಗಡಿಯಾರ ಇವೆ ಎಂದು ಬರೆದುಕೊಂಡಂತೆ. 8 ಎಂಬಿ ಪುಟಗಳನ್ನು ನಾಲ್ಕು ಪ್ರೋಗ್ರಾಂಗಳು ಹಂಚಿಕೊಂಡರೆ ಆರ್‌ಎಸ್‌ಎಸ್ ಕೂಡಿಸಿದಾಗ 32 ಆಗುತ್ತದೆ. ಪಿಎಸ್‌ಎಸ್ ಎಂಬ ಇನ್ನೊಂದು ಅಳತೆ ತಲಾ 2 ಎಂದು ಪಾಲು ಹಾಕುತ್ತದೆ. ಪ್ರತಿ ಪ್ರೋಸೆಸ್‌ಗೆ (ನಡೆಯುತ್ತಿರುವ ಪ್ರೋಗ್ರಾಂಗೆ) ಕರ್ನಲ್ ತೋರಿಸುವ ಸ್ಮ್ಯಾಪ್ಸ್ ಕಡತದಲ್ಲಿ ಇದು ಸಿಗುತ್ತದೆ. ನೋಡುವ ತಾಳ್ಮೆ ಬೇಕು.

ಅಂದಮೇಲೆ ಕ್ಯೂಟಿ ಬಳಸುವ ಪ್ಲಾಸ್ಮಾ ಡೆಸ್ಕ್‌ಟಾಪ್ ನಡೆಯುತ್ತಿರುವ ಕಡೆ ಇನ್ನೊಂದು ಕ್ಯೂಟಿ ಪ್ರೋಗ್ರಾಂ ಹಗುರ, ಮೊದಲ ಜಿಟಿಕೆ ಪ್ರೋಗ್ರಾಂ ಭಾರ. ಜಿಟಿಕೆ ಬಳಸುವ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಇದೇ ಉಲ್ಟಾ. ಆವೃತ್ತಿಯೂ ಒಂದೇ ಇರಬೇಕು: ಕ್ಯೂಟಿ 5 ಮತ್ತು ಕ್ಯೂಟಿ 6 ಬೇರೆ ಬೇರೆ ಫೈಲುಗಳು, ಒಂದರ ಪುಟ ಇನ್ನೊಂದಕ್ಕೆ ಉಪಯೋಗವಿಲ್ಲ. ಯಾವ ಡಿಸ್ಟ್ರೋದಲ್ಲೂ (ಲಿನಕ್ಸ್ ವಿತರಣೆಯಲ್ಲೂ) ನಡೆಯುವಂತೆ ಪ್ರೋಗ್ರಾಂ ಕಟ್ಟಿಕೊಡುವ ಫ್ಲ್ಯಾಟ್‌ಪ್ಯಾಕ್‌ನಲ್ಲಿ ಲೈಬ್ರರಿ ಬರುವುದು ರನ್‌ಟೈಮ್ ಎಂಬ ಅದರದೇ ಲೈಬ್ರರಿಗಳ ಕಟ್ಟಿನಿಂದ. ಹಾಗಾಗಿ ಡಿಸ್ಟ್ರೋ ಕೊಟ್ಟ ಜಿಟಿಕೆ ಆಗಲೇ ಮೆಮೊರಿಯಲ್ಲಿದ್ದರೂ ಆ ಪ್ರೋಗ್ರಾಂಗೆ ಪ್ರಯೋಜನವಿಲ್ಲ.

ಹಗುರ–ಭಾರದ ಜಗಳಕ್ಕೆ ಹಳೆಯ ಮುನಿಸೂ ಸೇರಿಕೊಂಡಿದೆ. 1996ರಲ್ಲಿ ಶುರುವಾದ ಕೆಡಿಇ ಎಂಬ ಡೆಸ್ಕ್‌ಟಾಪ್ ಯೋಜನೆ (ಪ್ಲಾಸ್ಮಾ ಇದರದೇ) ನಾರ್ವೆಯ ಟ್ರೋಲ್‌ಟೆಕ್ ಕಂಪನಿಯ ಕ್ಯೂಟಿಯನ್ನು ಆರಿಸಿಕೊಂಡಿತು. ಅದರ ಪರವಾನಗಿ ಆಗ ಮುಕ್ತವಾಗಿರಲಿಲ್ಲ. ಅದನ್ನು ಒಪ್ಪದವರು 1997ರಲ್ಲಿ ಗ್ನೋಮ್ ಆರಂಭಿಸಿ, ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕೆಂದು ಹುಟ್ಟಿದ್ದ ಜಿಟಿಕೆಯನ್ನು ತೆಗೆದುಕೊಂಡರು. ಕ್ಯೂಟಿ 2000ದಲ್ಲಿ ಜಿಪಿಎಲ್ ಎಂಬ ಮುಕ್ತ ಪರವಾನಗಿಗೆ, 2009ರಲ್ಲಿ ಇನ್ನೂ ಸಡಿಲವಾದ ಎಲ್‌ಜಿಪಿಎಲ್‌ಗೂ ಬಂತು. ತಕರಾರಿನ ಬೇರು ಹೋಯಿತು, ತಕರಾರು ಉಳಿಯಿತು.

ಪ್ಯಾಕೇಜ್ ಮಾಡುವವರಿಗೆ ಕಾಡುವ ಪ್ರಶ್ನೆಗಳೇ ಬೇರೆ. ಮೊದಲನೆಯದಾಗಿ, ಆಯ್ಕೆ ನಿಜಕ್ಕೂ ಕೈಯಲ್ಲಿದೆಯೇ? ನೆಟ್‌ವರ್ಕ್ ಸಂಚಾರ ಪರೀಕ್ಷಿಸುವ ವೈರ್‌ಶಾರ್ಕ್ 2015ರಲ್ಲಿ ಕ್ಯೂಟಿ ಮುಖವನ್ನು (ಬಳಕೆದಾರರಿಗೆ ಕಾಣುವ ಭಾಗವನ್ನು) ಮುಂದೆ ತಂದು, 2019ರ 3.0ರಲ್ಲಿ ಜಿಟಿಕೆ ಮುಖವನ್ನು ಕಿತ್ತೇ ಹಾಕಿತು. ಅಲ್ಲಿ ಪ್ಯಾಕೇಜ್ ಮಾಡುವವರ ಇಷ್ಟಾನಿಷ್ಟ ನಡೆಯುವುದಿಲ್ಲ. ಎರಡೂ ಮುಖ ಇದ್ದರೆ ಡೆಬಿಯನ್ ಎಂಬ ಡಿಸ್ಟ್ರೋ ಟ್ರಾನ್ಸ್‌ಮಿಷನ್ ಎಂಬ ಟೊರೆಂಟ್ ತಂತ್ರಾಂಶಕ್ಕೆ ಮಾಡಿದ್ದೇ ನನಗೆ ಹಿಡಿಸಿದ ದಾರಿ: ಸಮಾನ ಕಡತಗಳಿಗೆ ಒಂದು ಪ್ಯಾಕೇಜ್, ಜಿಟಿಕೆಗೆ ಒಂದು, ಕ್ಯೂಟಿಗೆ ಒಂದು. ಬಳಕೆದಾರ ತನ್ನ ಡೆಸ್ಕ್‌ಟಾಪ್‌ಗೆ ಹೊಂದುವುದನ್ನು ಹಾಕಿಕೊಳ್ಳುತ್ತಾನೆ.

ಹಳೆಯ ಆವೃತ್ತಿಗಳ ವಿಷಯದಲ್ಲಿ ಮುಲಾಜು ಬೇಡ. ಪರದೆಗೆ ಕಿಟಕಿಗಳನ್ನು ತರುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಜಿಟಿಕೆ 2ಕ್ಕೆ ನೇರವಾಗಿ ಗೊತ್ತಿಲ್ಲ. ಜಿಟಿಕೆ 3ರ ಪ್ರೋಗ್ರಾಂಗೆ ಜಿಟಿಕೆ 2ರ ಪ್ಲಗಿನ್ ಸಿಕ್ಕಿಸಿದರೆ, ಎರಡನ್ನೂ ಒಂದೇ ಪ್ರೋಸೆಸ್‌ನಲ್ಲಿ ಬಳಸುವಂತಿಲ್ಲ ಎಂಬ ದೂರಿನೊಂದಿಗೆ ಅದು ನಿಂತೇ ಹೋಗುತ್ತದೆ. ಕ್ಯೂಟಿಯ ಕಡೆ ಇರುವ ತಲೆನೋವು ಖಾಸಗಿ ಹೆಡರ್‌ಗಳದು, ಅಂದರೆ ಲೈಬ್ರರಿಯ ಒಳಬಳಕೆಗೆಂದೇ ಇರುವ ಭಾಗಗಳನ್ನು ವಿವರಿಸುವ ಫೈಲುಗಳದು. ಸಾರ್ವಜನಿಕ ಭಾಗ ಒಂದು ಪ್ರಮುಖ ಆವೃತ್ತಿಯುದ್ದಕ್ಕೂ ಹೊಂದಿಕೊಂಡಿರುತ್ತದೆ, ಖಾಸಗಿ ಭಾಗಕ್ಕೆ ಆ ಭರವಸೆ ಇಲ್ಲ. ಅದನ್ನು ಮುಟ್ಟಿದ ಪ್ರೋಗ್ರಾಂ ಅನ್ನು ಕ್ಯೂಟಿ ಸ್ವಲ್ಪ ಮೇಲೇರಿದಾಗಲೂ ಮತ್ತೆ ಕಂಪೈಲ್ ಮಾಡಬೇಕಾಗಬಹುದು. ಡೆಬಿಯನ್ ಇದಕ್ಕೆಂದೇ ಆವೃತ್ತಿ ಸಂಖ್ಯೆ ಹೊತ್ತ ಒಂದು ಕಾಲ್ಪನಿಕ ಪ್ಯಾಕೇಜಿನ ಹೆಸರನ್ನು ಅವಲಂಬನೆಯ ಪಟ್ಟಿಗೆ ಸೇರಿಸುತ್ತದೆ. ಮರುಕಂಪೈಲ್ ಆಗದ ಪ್ರೋಗ್ರಾಂ ಹೊಸ ಕ್ಯೂಟಿಯ ಜೊತೆ ಇನ್‌ಸ್ಟಾಲ್ ಆಗುವುದೇ ಇಲ್ಲ.